ಬೀದಿ ಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಲ: ಶಿಫಾರಸು ಪತ್ರದಿಂದ ಕೊನೆಯ ಕಂತಿನವರೆಗೆ

ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಿಂದ, ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುವವರಿಂದ, ಅವರ ಓದುವ ಮಕ್ಕಳಿಂದ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಸ್ವನಿಧಿ ಸಾಲ ಈಗಲೂ ಸಿಗುತ್ತದೆಯೇ, ಎಷ್ಟು ಸಿಗುತ್ತದೆ, ನಮ್ಮ ಬಳಿ ಪಾಲಿಕೆಯ ಗುರುತಿನ ಚೀಟಿ ಇಲ್ಲವಲ್ಲ ಏನು ಮಾಡುವುದು, ಬ್ಯಾಂಕಿನವರು ಅರ್ಜಿ ವಾಪಸು ಕಳುಹಿಸಿದರೆ ಮುಂದೇನು ಎಂಬುವೇ ಆ ಪ್ರಶ್ನೆಗಳು. ಇವುಗಳಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಅರ್ಜಿಗೆ ಸಿದ್ಧವಾಗುವ ದಿನದಿಂದ ಸಾಲ ತೀರುವ ದಿನದವರೆಗಿನ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಾನು ಕಂಡಂತೆ ಹೆಚ್ಚಿನ ಅರ್ಜಿಗಳು ಬ್ಯಾಂಕಿನ ಮೇಜಿನ ಮೇಲೆ ಕೆಡುವುದಿಲ್ಲ, ಅಲ್ಲಿಗೆ ತಲುಪುವ ಮೊದಲೇ ಕಾಗದಪತ್ರಗಳಲ್ಲಿ ಕೆಟ್ಟಿರುತ್ತವೆ. ಆದ್ದರಿಂದ ಮೊದಲ ಮೂರು ಹಂತಗಳನ್ನು ದಯವಿಟ್ಟು ಅವಸರ ಮಾಡದೆ ಓದಿ.

ಯೋಜನೆ ಏನು, ಯಾರಿಗೆ?

ಪ್ರಧಾನಮಂತ್ರಿ ಬೀದಿ ವ್ಯಾಪಾರಿಗಳ ಆತ್ಮನಿರ್ಭರ ನಿಧಿ, ಅಂದರೆ ಪಿಎಂ ಸ್ವನಿಧಿ, ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2020ರ ಜೂನ್ 1ರಂದು ಆರಂಭಿಸಿದ ಯೋಜನೆ. ಲಾಕ್‌ಡೌನ್‌ನಲ್ಲಿ ಕೈಯಲ್ಲಿದ್ದ ಬಂಡವಾಳವನ್ನೆಲ್ಲ ಊಟಕ್ಕೆ ಖರ್ಚು ಮಾಡಿಕೊಂಡಿದ್ದ ವ್ಯಾಪಾರಿಗಳು ಮತ್ತೆ ಅಂಗಡಿ ಹೂಡಲೆಂದು ಬಂದ ಈ ಸಾಲ 2024ರ ಡಿಸೆಂಬರ್ ಕೊನೆಗೆ ನಿಂತಿತ್ತು. 2025ರ ಆಗಸ್ಟ್ 27ರಂದು ಕೇಂದ್ರ ಸಚಿವ ಸಂಪುಟವು ಇದನ್ನು ಪರಿಷ್ಕರಿಸಿ, ಸಾಲ ನೀಡುವ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿತು. ಆದ್ದರಿಂದ ಯೋಜನೆ ಮುಗಿದುಹೋಯಿತು ಎಂಬ ಮಾತು ಸರಿಯಲ್ಲ.

ಸಾಲ ಮೂರು ಮೆಟ್ಟಿಲುಗಳಲ್ಲಿ ಸಿಗುತ್ತದೆ. ಮೊದಲ ಸಾಲ ಹಿಂದೆ ₹10,000 ಇತ್ತು, ಈಗ ₹15,000ರವರೆಗೆ. ಅದನ್ನು ತೀರಿಸಿದವರಿಗೆ ಎರಡನೆಯದು ₹20,000ರ ಬದಲು ಈಗ ₹25,000ರವರೆಗೆ. ಮೂರನೆಯದು ಮೊದಲಿನಂತೆಯೇ ₹50,000ರವರೆಗೆ. ಯಾವುದಕ್ಕೂ ಮನೆ, ಒಡವೆ ಅಡವಿಡಬೇಕಾಗಿಲ್ಲ, ಜಾಮೀನುದಾರರನ್ನು ಕರೆತರಬೇಕಾಗಿಲ್ಲ. ಸಾಲ ಕೊಡುವ ಬ್ಯಾಂಕಿಗೆ ಸರ್ಕಾರದ ಕಡೆಯಿಂದಲೇ ಖಾತರಿ ವ್ಯವಸ್ಥೆ ಇದೆ. ಆ ಖಾತರಿ ಬ್ಯಾಂಕಿನ ನಷ್ಟ ತುಂಬಲು ಇರುವುದೇ ಹೊರತು, ನಿಮ್ಮ ಸಾಲವನ್ನು ಮನ್ನಾ ಮಾಡಲು ಅಲ್ಲ.

ತರಕಾರಿ, ಹಣ್ಣು, ಹೂವು, ಟೀ, ತಿಂಡಿ, ಬಟ್ಟೆ, ಪುಸ್ತಕ, ಕರಕುಶಲ ವಸ್ತುಗಳನ್ನು ಬೀದಿಯಲ್ಲಿ, ಫುಟ್‌ಪಾತ್‌ನಲ್ಲಿ, ತಾತ್ಕಾಲಿಕ ಪೆಟ್ಟಿಗೆ ಅಂಗಡಿಯಲ್ಲಿ ಅಥವಾ ತಿರುಗಾಡುತ್ತ ಮಾರುವವರೆಲ್ಲರೂ ಅರ್ಜಿ ಹಾಕಬಹುದು. ಚಪ್ಪಲಿ ಹೊಲಿಯುವವರು, ಕ್ಷೌರಿಕರು, ಬಟ್ಟೆ ಇಸ್ತ್ರಿ ಮಾಡುವವರು ಇದು ವ್ಯಾಪಾರಿಗಳಿಗೆ ಮಾತ್ರ ಎಂದುಕೊಂಡು ಸುಮ್ಮನಿರುತ್ತಾರೆ. ಅವರ ಸೇವೆಗಳೂ ಯೋಜನೆಯೊಳಗೇ ಬರುತ್ತವೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ. ಕರ್ನಾಟಕ ಸರ್ಕಾರ 2018ರಲ್ಲಿ ಸಹಕಾರ ಬ್ಯಾಂಕುಗಳ ಮೂಲಕ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡಲು ‘ಬಡವರ ಬಂಧು’ ಎಂಬ ಯೋಜನೆ ಆರಂಭಿಸಿತ್ತು. ಅದೇ ಬೇರೆ, ಇದೇ ಬೇರೆ. ಸ್ವನಿಧಿಯಲ್ಲಿ ಬಡ್ಡಿ ಇದೆ, ಅದರ ಒಂದು ಭಾಗವಷ್ಟೇ ಸಹಾಯಧನವಾಗಿ ವಾಪಸು ಬರುತ್ತದೆ.

ಹಂತ 1: ಆಧಾರ್, ಮೊಬೈಲ್ ಮತ್ತು ಬ್ಯಾಂಕ್ ಖಾತೆಯನ್ನು ಒಂದೇ ಸಾಲಿಗೆ ತನ್ನಿ

ಅರ್ಜಿ ತುಂಬುವಾಗ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಒಟಿಪಿ, ಅಂದರೆ ಒಮ್ಮೆ ಮಾತ್ರ ಬಳಸುವ ಗುಟ್ಟಿನ ಅಂಕಿ, ಬರುತ್ತದೆ. ಆ ಸಂಖ್ಯೆ ನಿಮ್ಮ ಕೈಯಲ್ಲಿಲ್ಲದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ನನಗೆ ಪರಿಚಯದ ಹೂ ಮಾರುವ ಅಜ್ಜಿಯೊಬ್ಬರು ಮೂರು ಬಾರಿ ಸೇವಾ ಕೇಂದ್ರಕ್ಕೆ ಅಲೆದರು. ಪ್ರತಿಸಲವೂ ಒಟಿಪಿ ಬೇರೆ ಊರಿನಲ್ಲಿ ಕೆಲಸಕ್ಕಿದ್ದ ಮಗನ ಫೋನಿಗೆ ಹೋಗುತ್ತಿತ್ತು, ಅವನು ಕೆಲಸ ಬಿಟ್ಟು ಅದನ್ನು ನೋಡುವಷ್ಟರಲ್ಲಿ ಅವಧಿ ಮೀರುತ್ತಿತ್ತು. ಆಧಾರ್ ಕೇಂದ್ರದಲ್ಲಿ ತಮ್ಮದೇ ಸಂಖ್ಯೆ ಜೋಡಿಸಿಕೊಂಡ ಮೇಲೆ ನಾಲ್ಕನೆಯ ಬಾರಿಗೆ ಕೆಲಸ ಮುಗಿಯಿತು.

ಹಾಗಾಗಿ ಮೊದಲು ಈ ಮೂರನ್ನು ನೋಡಿಕೊಳ್ಳಿ. ಆಧಾರ್‌ಗೆ ಜೋಡಣೆಯಾದ ಸಿಮ್ ನಿಮ್ಮ ಫೋನಿನಲ್ಲಿಯೇ ಇರಬೇಕು ಮತ್ತು ಚಾಲ್ತಿಯಲ್ಲಿರಬೇಕು. ಆಧಾರ್, ಮತದಾರರ ಗುರುತಿನ ಚೀಟಿ ಮತ್ತು ಪಾಸ್‌ಬುಕ್‌ಗಳಲ್ಲಿ ನಿಮ್ಮ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಇನಿಷಿಯಲ್ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು, ಒಂದರಲ್ಲಿ ತಂದೆಯ ಹೆಸರು ಇನ್ನೊಂದರಲ್ಲಿ ಗಂಡನ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ, ಬ್ಯಾಂಕಿನವರು ಪ್ರಶ್ನೆ ತೆಗೆಯುವುದೂ ಅಷ್ಟೇ ಸಾಮಾನ್ಯ. ಇನ್ನು ಖಾತೆ ಜೀವಂತವಾಗಿರಬೇಕು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನೀವು ಯಾವ ವ್ಯವಹಾರವನ್ನೂ ಮಾಡದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯವೆಂದು ಪರಿಗಣಿಸುತ್ತದೆ. ಎಂದೋ ತೆರೆದು ಮರೆತ ಜನಧನ್ ಖಾತೆಯನ್ನು ಅರ್ಜಿಯಲ್ಲಿ ಬರೆಯುವ ಮುನ್ನ ಶಾಖೆಗೆ ಹೋಗಿ ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ, ಹೊಸದಾಗಿ ಕೊಟ್ಟು ಅದನ್ನು ಚಾಲನೆಗೆ ತನ್ನಿ.

ಹಂತ 2: ನೀವು ಯಾವ ಗುಂಪಿಗೆ ಸೇರಿದವರೆಂದು ತಿಳಿದುಕೊಳ್ಳಿ

ಈ ಸಾಲಕ್ಕೆ ನಿಜವಾದ ಆಧಾರವೆಂದರೆ ನೀವು ಬೀದಿ ವ್ಯಾಪಾರಿ ಎಂದು ನಗರ ಸ್ಥಳೀಯ ಸಂಸ್ಥೆ ಒಪ್ಪಿಕೊಂಡಿರುವುದು. ನಗರ ಸ್ಥಳೀಯ ಸಂಸ್ಥೆಯೆಂದರೆ ನಿಮ್ಮ ಊರಿನ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಈ ದೃಷ್ಟಿಯಿಂದ ಅರ್ಜಿದಾರರಲ್ಲಿ ನಾಲ್ಕು ಗುಂಪುಗಳಿವೆ.

ಮೊದಲನೆಯ ಗುಂಪಿನವರ ಬಳಿ ಸಂಸ್ಥೆ ಕೊಟ್ಟ ವ್ಯಾಪಾರ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ ಇರುತ್ತದೆ. ಇವರ ದಾರಿ ಸುಲಭ, ನೇರವಾಗಿ ಹಂತ 4ಕ್ಕೆ ಹೋಗಬಹುದು. ಎರಡನೆಯ ಗುಂಪಿನವರ ಹೆಸರು ಸಮೀಕ್ಷೆಯಲ್ಲಿ ಇದೆ, ಆದರೆ ಚೀಟಿ ಕೈಗೆ ಬಂದಿಲ್ಲ. ಇವರಿಗೆ ಯೋಜನೆಯ ಜಾಲತಾಣದ ಮೂಲಕವೇ ತಾತ್ಕಾಲಿಕ ಪ್ರಮಾಣಪತ್ರ ಸಿಗುತ್ತದೆ. ಮೂರನೆಯ ಗುಂಪಿನವರು ಸಮೀಕ್ಷೆಯಲ್ಲಿ ಬಿಟ್ಟುಹೋದವರು ಅಥವಾ ಸಮೀಕ್ಷೆಯ ನಂತರ ವ್ಯಾಪಾರ ಆರಂಭಿಸಿದವರು. ನಾಲ್ಕನೆಯವರು ಸುತ್ತಲಿನ ಹಳ್ಳಿಗಳಲ್ಲಿ ವಾಸವಿದ್ದು ಪಟ್ಟಣದ ವ್ಯಾಪ್ತಿಯೊಳಗೆ ಬಂದು ಮಾರುವವರು. ಈ ಕೊನೆಯ ಎರಡೂ ಗುಂಪಿನವರಿಗೆ ಶಿಫಾರಸು ಪತ್ರ ಬೇಕು.

ಸಮೀಕ್ಷೆಯಲ್ಲಿ ಹೆಸರಿದೆಯೇ ಎಂಬುದನ್ನು ಯೋಜನೆಯ ಜಾಲತಾಣದಲ್ಲಿ ರಾಜ್ಯ, ಊರು, ಹೆಸರು ಅಥವಾ ಮೊಬೈಲ್ ಸಂಖ್ಯೆ ಕೊಟ್ಟು ಹುಡುಕಬಹುದು. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ. ನಿಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡವರು ಬೇರೆ ಯಾರೋ, ಅವರಿಗೆ ಕೇಳಿಸಿದಂತೆ ಬರೆದಿರುತ್ತಾರೆ. ಹೆಸರು ಇದ್ದರೂ ಇಲ್ಲವೆಂದುಕೊಂಡು ಶಿಫಾರಸು ಪತ್ರಕ್ಕಾಗಿ ತಿಂಗಳುಗಟ್ಟಲೆ ಅಲೆದವರಿದ್ದಾರೆ.

ಹಂತ 3: ಶಿಫಾರಸು ಪತ್ರ ಪಡೆಯುವುದು

ಎಲ್ಲಕ್ಕಿಂತ ಹೆಚ್ಚು ಪ್ರಶ್ನೆಗಳು ಬರುವುದು ಈ ಹಂತದ ಬಗ್ಗೆ. ಶಿಫಾರಸು ಪತ್ರವೆಂದರೆ, ‘ಈ ವ್ಯಕ್ತಿ ನಮ್ಮ ವ್ಯಾಪ್ತಿಯಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದಾರೆ’ ಎಂದು ಸ್ಥಳೀಯ ಸಂಸ್ಥೆ ಅಥವಾ ಪಟ್ಟಣ ವ್ಯಾಪಾರ ಸಮಿತಿ ಕೊಡುವ ಪತ್ರ. 2014ರ ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ ರಚನೆಯಾಗುವ ಆ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿಮ್ಮ ಊರಿನ ಸಮಿತಿಯಲ್ಲಿರುವ ವ್ಯಾಪಾರಿ ಸದಸ್ಯರು ಯಾರೆಂದು ಕೇಳಿ ತಿಳಿದುಕೊಳ್ಳಿ, ಅವರ ಒಂದು ಮಾತು ನಿಮ್ಮ ಕೆಲಸವನ್ನು ಹಗುರ ಮಾಡುತ್ತದೆ.

ಪತ್ರಕ್ಕೆ ಜಾಲತಾಣದಲ್ಲಿಯೇ ಅರ್ಜಿ ಹಾಕಬಹುದು. ಜೊತೆಗೆ ನೀವು ವ್ಯಾಪಾರಿ ಎಂದು ತೋರಿಸುವ ಯಾವುದಾದರೂ ಒಂದು ಆಧಾರ ಬೇಕು: ಬೀದಿ ವ್ಯಾಪಾರಿಗಳ ಸಂಘದ ಸದಸ್ಯತ್ವ ಚೀಟಿ, ವ್ಯಾಪಾರಕ್ಕಾಗಿ ಹಿಂದೆ ಪಡೆದ ಸಾಲದ ಪಾಸ್‌ಬುಕ್, ಅಥವಾ ಇಂಥದ್ದೇ ಬೇರೆ ದಾಖಲೆ. ಸಂತೆಯಲ್ಲಿ, ಮಾರುಕಟ್ಟೆಯಲ್ಲಿ ಕಟ್ಟುವ ಸುಂಕದ ರಸೀದಿಗಳನ್ನು ಹರಿದು ಬಿಸಾಡಬೇಡಿ. ಅಂಗೈಯಗಲದ, ಶಾಯಿ ಮಾಸಿದ ಆ ಚೀಟಿಯಲ್ಲಿ ದಿನಾಂಕವೂ ಮುದ್ರೆಯೂ ಇರುತ್ತವೆ, ನೀವು ಅಂದು ಅಲ್ಲಿ ವ್ಯಾಪಾರಕ್ಕಿದ್ದಿರಿ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಕಾಗದ ಬಡ ವ್ಯಾಪಾರಿಯ ಬಳಿ ಬೇರೆ ಇರುವುದು ಅಪರೂಪ.

ಯಾವ ದಾಖಲೆಯೂ ಇಲ್ಲವೆಂದರೂ ದಾರಿ ಮುಚ್ಚಿಲ್ಲ. ಸ್ಥಳ ವಿಚಾರಣೆ ಮಾಡಿ ಪತ್ರ ಕೊಡಿ ಎಂದು ಬಿಳಿ ಹಾಳೆಯಲ್ಲಿ ಮನವಿ ಬರೆದು ಸಂಸ್ಥೆಗೆ ಕೊಡಬಹುದು. ಅದರಲ್ಲಿ ಏನು ಮಾರುತ್ತೀರಿ, ಎಲ್ಲಿ ನಿಲ್ಲುತ್ತೀರಿ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಇರುತ್ತೀರಿ, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಎಂಬುದನ್ನು ಬರೆಯಿರಿ. ಹೊತ್ತನ್ನು ಬರೆಯುವುದು ಮುಖ್ಯ. ಬೆಳಗಿನ ಜಾವ ಸೊಪ್ಪು ಮಾರಿ ಒಂಬತ್ತಕ್ಕೆ ಮನೆಗೆ ಹೋಗುವವರನ್ನು ಹನ್ನೊಂದು ಗಂಟೆಗೆ ಬಂದು ಹುಡುಕಿದರೆ ‘ಸ್ಥಳದಲ್ಲಿ ಇರಲಿಲ್ಲ’ ಎಂಬ ವರದಿಯೇ ಆಗುತ್ತದೆ.

ಮಾರ್ಗಸೂಚಿಯ ಪ್ರಕಾರ ಇಂಥ ಮನವಿಯನ್ನು 15 ದಿನಗಳೊಳಗೆ ವಿಲೇವಾರಿ ಮಾಡಬೇಕು. ನೀವು ಕೊಟ್ಟ ಮನವಿಯ ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದರೆ ಮಾತ್ರ ಆ 15 ದಿನಗಳನ್ನು ಎಣಿಸಿ ಕೇಳಲು ಬರುತ್ತದೆ. ಬಾಯಿಮಾತಿನಲ್ಲಿ ‘ಆಯ್ತು, ನೋಡ್ತೀವಿ’ ಎಂದರೆ ಅದಕ್ಕೆ ಲೆಕ್ಕವಿಲ್ಲ. ಪತ್ರ ಕೊಡಿಸುತ್ತೇನೆಂದು ಕಚೇರಿಯ ಹೊರಗೆ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೇಳಬೇಕಾದುದನ್ನು ಒಳಗೆ, ನಗರ ಜೀವನೋಪಾಯ ಯೋಜನೆಯ ಕೆಲಸ ನೋಡಿಕೊಳ್ಳುವ ಸಮುದಾಯ ಸಂಘಟಕರ ಬಳಿ ಕೇಳಿ.

ಹಂತ 4: ಅರ್ಜಿ ಸಲ್ಲಿಸುವುದು

ಸ್ಮಾರ್ಟ್‌ಫೋನ್ ಬಳಸಲು ಬರುವವರು ಯೋಜನೆಯ ಜಾಲತಾಣದಲ್ಲಿ ಸ್ವತಃ ಸಲ್ಲಿಸಬಹುದು. ಉಳಿದವರು ಸಾಮಾನ್ಯ ಸೇವಾ ಕೇಂದ್ರ, ಸ್ಥಳೀಯ ಸಂಸ್ಥೆಯ ಕಚೇರಿ ಅಥವಾ ಬ್ಯಾಂಕಿನ ನೆರವು ಪಡೆಯಬಹುದು. ಸರ್ಕಾರಿ ಜಾಲತಾಣದ ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇರುತ್ತದೆ, ಹಾಗಿಲ್ಲದ ಕಡೆ ಆಧಾರ್ ಸಂಖ್ಯೆ ಹಾಕಬೇಡಿ.

ಅರ್ಜಿಯಲ್ಲಿ ಸಾಲ ಕೊಡುವ ಬ್ಯಾಂಕನ್ನು ಆರಿಸುವ ಜಾಗವಿರುತ್ತದೆ. ನಿಮ್ಮ ಉಳಿತಾಯ ಖಾತೆ ಇರುವ, ನಡೆದು ಹೋಗಬಹುದಾದಷ್ಟು ಹತ್ತಿರದ ಶಾಖೆಯನ್ನೇ ಆರಿಸಿ. ಸೇವಾ ಕೇಂದ್ರದವರು ತಮಗೆ ತೋಚಿದ ಶಾಖೆ ಹಾಕಿಬಿಟ್ಟರೆ, ಸಹಿ ಹಾಕಲು ಒಂದು ದಿನದ ವ್ಯಾಪಾರ ಬಿಟ್ಟು ಬಸ್ಸು ಹತ್ತಬೇಕಾಗುತ್ತದೆ. ಕೊನೆಯಲ್ಲಿ ಬರುವ ಅರ್ಜಿ ಸಂಖ್ಯೆಯನ್ನು ಬರೆಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಒಟಿಪಿಯನ್ನು ನಿಮ್ಮ ಎದುರಿಗೆ ಕುಳಿತು ಅರ್ಜಿ ತುಂಬುತ್ತಿರುವವರಿಗೆ, ಆ ಹೊತ್ತಿನಲ್ಲಿ ಮಾತ್ರ ಹೇಳಿ. ‘ನಿಮ್ಮ ಸ್ವನಿಧಿ ಸಾಲ ಮಂಜೂರಾಗಿದೆ, ಒಟಿಪಿ ಹೇಳಿ, ಮುಂಗಡ ಶುಲ್ಕ ಕಟ್ಟಿ’ ಎಂದು ಫೋನಿನಲ್ಲಿ ಕೇಳುವವರು ಮೋಸಗಾರರು. ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ.

ಹಂತ 5: ಬ್ಯಾಂಕಿನಲ್ಲಿ

ಅರ್ಜಿ ಬ್ಯಾಂಕಿಗೆ ಆನ್‌ಲೈನ್‌ನಲ್ಲಿಯೇ ಹೋಗುತ್ತದೆ. ಅಲ್ಲಿಂದ ಕರೆ ಬಾರದಿದ್ದರೆ ಅರ್ಜಿ ಸಂಖ್ಯೆ ಹಿಡಿದುಕೊಂಡು ನೀವೇ ಶಾಖೆಗೆ ಹೋಗಿ. ತಿಂಗಳ ಮೊದಲ ವಾರ ಪಿಂಚಣಿಯವರ ಜನಸಂದಣಿ ಇರುತ್ತದೆ, ಅದನ್ನು ತಪ್ಪಿಸಿ ಹೋದರೆ ಅಧಿಕಾರಿಗೆ ನಿಮ್ಮ ಮಾತು ಕೇಳಲು ಪುರುಸೊತ್ತು ಇರುತ್ತದೆ.

ಅರ್ಜಿ ವಾಪಸಾದರೆ ಕಾರಣ ಕೇಳಿ, ಬರೆದುಕೊಡಲು ವಿನಂತಿಸಿ. ಹೆಸರಿನ ವ್ಯತ್ಯಾಸ, ಹಳೆಯ ಸಾಲದ ಬಾಕಿ, ಫೋನಿಗೆ ಸಿಗದಿರುವುದು, ಹೇಳಿದ ಜಾಗದಲ್ಲಿ ಅಂಗಡಿ ಕಾಣದಿರುವುದು ಇವು ಸಾಮಾನ್ಯ ಕಾರಣಗಳು. ಇವುಗಳಲ್ಲಿ ಹಳೆಯ ಬಾಕಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೆಲವು ದಿನಗಳಲ್ಲಿ ಸರಿಪಡಿಸಬಹುದು. ಮಹಿಳಾ ಸಂಘದ ಸಾಲದಲ್ಲಿ ಅಥವಾ ಮೈಕ್ರೋಫೈನಾನ್ಸ್‌ನಲ್ಲಿ ಕಂತು ಉಳಿಸಿಕೊಂಡಿದ್ದರೆ ಅದು ಸಾಲದ ದಾಖಲೆಯಲ್ಲಿ ಕಾಣಬಹುದು, ಆದ್ದರಿಂದ ಬಚ್ಚಿಡದೆ ಮೊದಲೇ ಹೇಳಿ. ಸಹಿ ಹಾಕುವ ಮುನ್ನ ಬಡ್ಡಿ ದರ ಎಷ್ಟು, ಕಂತು ಎಷ್ಟು, ಯಾವ ತಾರೀಕಿಗೆ ಎಂಬ ಮೂರನ್ನು ಕೇಳಿ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿಕೊಳ್ಳಿ.

ಹಂತ 6: ಬಡ್ಡಿ ಮತ್ತು ಕಂತಿನ ಲೆಕ್ಕ

ಬಡ್ಡಿ ದರ ಎಲ್ಲ ಬ್ಯಾಂಕಿನಲ್ಲೂ ಒಂದೇ ಅಲ್ಲ. ಉದಾಹರಣೆಗೆ ವರ್ಷಕ್ಕೆ ಶೇ. 12 ಎಂದಿಟ್ಟುಕೊಳ್ಳಿ. ₹15,000 ಸಾಲವನ್ನು 12 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ₹1,333 ಕಟ್ಟಬೇಕು. ವರ್ಷವಿಡೀ ನೀವು ಕಟ್ಟುವ ಬಡ್ಡಿ ಸುಮಾರು ₹993. ಕಂತುಗಳನ್ನು ಸರಿಯಾಗಿ ಕಟ್ಟಿದವರಿಗೆ ವರ್ಷಕ್ಕೆ ಶೇ. 7ರ ಲೆಕ್ಕದಲ್ಲಿ ಬಡ್ಡಿ ಸಹಾಯಧನ ಇದೆ, ಈ ಉದಾಹರಣೆಯಲ್ಲಿ ಅದು ಸುಮಾರು ₹579 ಆಗುತ್ತದೆ. ಅಂದರೆ ನಿಮ್ಮ ಕೈಯಿಂದ ನಿಜವಾಗಿ ಹೋಗುವ ಬಡ್ಡಿ ₹414ರ ಆಸುಪಾಸು.

ಇದನ್ನು ಮಾರುಕಟ್ಟೆಯ ಬಡ್ಡಿಯ ಪಕ್ಕದಲ್ಲಿಟ್ಟು ನೋಡಿ. ಬೆಳಿಗ್ಗೆ ₹900 ಕೊಟ್ಟು ಸಂಜೆ ₹1,000 ವಸೂಲಿ ಮಾಡುವವರ ಬಳಿ ಹತ್ತೇ ದಿನ ಸಾಲ ಪಡೆದರೆ ಬಡ್ಡಿಯೇ ₹1,000 ಆಯಿತು. ಹದಿನೈದು ಸಾವಿರಕ್ಕೆ ಬ್ಯಾಂಕಿನಲ್ಲಿ ವರ್ಷಕ್ಕೆ ಕಟ್ಟುವ ಬಡ್ಡಿಗಿಂತ ಅದು ಹೆಚ್ಚು. ಕೈಗೆ ಬಂದ ಸ್ವನಿಧಿ ಹಣದಲ್ಲಿ ಮೊದಲು ಈ ದಿನಬಡ್ಡಿಯ ನಂಟನ್ನು ಕಡಿದುಕೊಳ್ಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಾಳೆಯ ಮಾಲಿಗೆ ಇಂದಿನ ನಿಮ್ಮದೇ ಹಣ ಇರಲಿ. ಹಬ್ಬಕ್ಕೆ, ಫೋನಿಗೆ, ನೆಂಟರ ಮದುವೆಯ ಮುಯ್ಯಿಗೆ ಈ ಹಣ ಹೋದರೆ ಕಂತು ಕಟ್ಟಲು ಮತ್ತೆ ಅದೇ ದಿನಬಡ್ಡಿಯವರ ಮುಂದೆ ನಿಲ್ಲಬೇಕಾಗುತ್ತದೆ.

ಸಹಾಯಧನದ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಕಂತಿನಲ್ಲಿಯೇ ಅದು ಕಡಿತವಾಗುತ್ತದೆ ಎಂಬುದು ಒಂದು. ಹಾಗಲ್ಲ, ಕಂತನ್ನು ಪೂರ್ತಿ ಕಟ್ಟಲೇಬೇಕು, ಸಹಾಯಧನ ಮೂರು ತಿಂಗಳಿಗೊಮ್ಮೆಯ ಲೆಕ್ಕದಲ್ಲಿ ನಿಮ್ಮ ಖಾತೆಗೆ ಬರುತ್ತದೆ. ಕಂತು ತಡವಾದರೂ ಅದು ಬಂದೇ ಬರುತ್ತದೆ ಎಂಬುದು ಇನ್ನೊಂದು. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದಾಗುತ್ತದೆ. ಅಂಥ ಖಾತೆಗೆ ಸಹಾಯಧನವಿಲ್ಲ, ಮುಂದಿನ ಸಾಲವೂ ಇಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡವೇನೂ ಇಲ್ಲ.

ತಿಂಗಳಿಗೆ ₹1,333 ಎಂದರೆ ಭಾರವೆನಿಸುತ್ತದೆ, ದಿನಕ್ಕೆ ₹45 ಎಂದರೆ ಅಷ್ಟಲ್ಲ. ವಾರಕ್ಕೊಂದು ದಿನ ರಜೆ ಹಾಕುವವರು ದಿನಕ್ಕೆ ₹52 ತೆಗೆದಿಡಬೇಕು. ಬೋಣಿಯಾದ ಹಣದಲ್ಲಿಯೇ ಅದನ್ನು ಬೇರೆ ಡಬ್ಬಿಗೆ ಹಾಕಿ, ವಾರಕ್ಕೊಮ್ಮೆ ಖಾತೆಗೆ ಕಟ್ಟಿ. ರಾತ್ರಿ ಉಳಿದದ್ದರಲ್ಲಿ ತೆಗೆದಿಡುತ್ತೇನೆಂದರೆ ಉಳಿಯುವುದಿಲ್ಲ. ಮಳೆಗಾಲದಲ್ಲಿ ವ್ಯಾಪಾರ ಬಿದ್ದು ಕಂತು ತಪ್ಪುವಂತಿದ್ದರೆ, ತಪ್ಪಿದ ಮೇಲಲ್ಲ, ಮುಂಚೆಯೇ ಶಾಖೆಗೆ ಹೋಗಿ ಮಾತನಾಡಿ.

ಹಂತ 7: ಕ್ಯೂಆರ್ ಕೋಡ್ ನಿಮ್ಮ ಹೆಸರಿನಲ್ಲಿಯೇ ಇರಲಿ

ಫೋನ್ ಮೂಲಕ ಹಣ ಸ್ವೀಕರಿಸುವ ಮತ್ತು ಸಗಟು ಮಾಲಿಗೆ ಹಾಗೆಯೇ ಹಣ ಕೊಡುವ ವ್ಯಾಪಾರಿಗಳಿಗೆ ಪರಿಷ್ಕೃತ ಯೋಜನೆಯಲ್ಲಿ ₹1,600ರವರೆಗೆ ಕ್ಯಾಶ್‌ಬ್ಯಾಕ್, ಅಂದರೆ ಮರಳಿ ಕೊಡುವ ಪ್ರೋತ್ಸಾಹಧನ, ಇದೆ. ಇಲ್ಲಿ ಆಗುವ ತಪ್ಪು ಚಿಕ್ಕದು, ಆದರೆ ಬಹಳ ಕಡೆ ಕಾಣುತ್ತದೆ: ಗಾಡಿಯ ಮೇಲೆ ಅಂಟಿಸಿದ ಕ್ಯೂಆರ್ ಚೀಟಿ ಮಗನ ಅಥವಾ ಅಳಿಯನ ಖಾತೆಯದಾಗಿರುತ್ತದೆ. ಸಾಲಗಾರರು ನೀವು, ವ್ಯವಹಾರ ಕಾಣುವುದು ಅವರ ಹೆಸರಿನಲ್ಲಿ. ಸಾಲ ಪಡೆದ ದಿನವೇ ನಿಮ್ಮ ಖಾತೆಯ ಕ್ಯೂಆರ್ ಕೋಡ್ ಕೇಳಿ ಪಡೆಯಿರಿ. ಕ್ಯಾಶ್‌ಬ್ಯಾಕ್‌ಗಿಂತ ದೊಡ್ಡ ಲಾಭ ಬೇರೆಯೇ ಇದೆ. ದಿನವೂ ಬರುವ ಇಪ್ಪತ್ತು, ಮೂವತ್ತು ರೂಪಾಯಿಗಳು ನಿಮ್ಮ ವ್ಯಾಪಾರದ ದಾಖಲೆಯಾಗಿ ಪಾಸ್‌ಬುಕ್ಕಿನಲ್ಲಿ ಕೂಡುತ್ತ ಹೋಗುತ್ತವೆ, ಬೀದಿ ವ್ಯಾಪಾರಿಯ ಬಳಿ ಇಂಥ ದಾಖಲೆ ಹಿಂದೆ ಎಂದೂ ಇರಲಿಲ್ಲ.

ಇದರ ಜೊತೆಗೆ ‘ಸ್ವನಿಧಿಯಿಂದ ಸಮೃದ್ಧಿ’ ಎಂಬ ಕಾರ್ಯಕ್ರಮದಡಿ ಸಾಲ ಪಡೆದವರ ಕುಟುಂಬದ ವಿವರ ಪಡೆದು ಬೇರೆ ಕೇಂದ್ರ ಯೋಜನೆಗಳಿಗೆ ಜೋಡಿಸುತ್ತಾರೆ. ವರ್ಷಕ್ಕೆ ₹20 ಕಟ್ಟಿದರೆ ಅಪಘಾತದಲ್ಲಿ ಸಾವಾದಾಗ ₹2 ಲಕ್ಷ ಸಿಗುವ ಸುರಕ್ಷಾ ಬಿಮಾ ಅವುಗಳಲ್ಲಿ ಒಂದು. ರಸ್ತೆಯ ಅಂಚಿನಲ್ಲಿಯೇ ಹಗಲೆಲ್ಲ ಕಳೆಯುವವರು ಇದನ್ನು ಬಿಡಬಾರದು.

ಹಂತ 8: ಮುಂದಿನ ಸಾಲ

ಕೊನೆಯ ಕಂತು ಕಟ್ಟಿದ ಮೇಲೆ ಸಾಲದ ಖಾತೆ ಮುಚ್ಚಿದೆಯೇ ಎಂದು ಶಾಖೆಯಲ್ಲಿ ಖಚಿತಪಡಿಸಿಕೊಳ್ಳಿ. ಹತ್ತೋ ಇಪ್ಪತ್ತೋ ರೂಪಾಯಿ ಬಡ್ಡಿ ಉಳಿದು ಖಾತೆ ತೆರೆದೇ ಇದ್ದರೆ, ನೀವು ತೀರಿಸಿದ್ದೇನೆ ಎಂದುಕೊಂಡಿರುತ್ತೀರಿ, ಜಾಲತಾಣ ಮಾತ್ರ ಬಾಕಿ ಎಂದೇ ತೋರಿಸುತ್ತಿರುತ್ತದೆ. ಬಾಕಿ ಇಲ್ಲವೆಂಬ ಪತ್ರ ಬರೆಸಿಕೊಂಡು ಶಿಫಾರಸು ಪತ್ರದ ಜೊತೆಗೇ ಇಟ್ಟುಕೊಳ್ಳಿ. ಹಿಂದೆ ₹10,000 ಪಡೆದು ತೀರಿಸಿದವರೂ ಈಗ ಎರಡನೆಯ ಸಾಲಕ್ಕೆ ಅರ್ಜಿ ಹಾಕಬಹುದು.

ದೊಡ್ಡ ಮೊತ್ತಕ್ಕೆ ಹೆದರುವವರು ಒಂದು ಲೆಕ್ಕ ನೋಡಿ. ಎರಡನೆಯ ಸಾಲದ ಅವಧಿ 18 ತಿಂಗಳು, ಮೂರನೆಯದು 36 ತಿಂಗಳು. ಅದೇ ಶೇ. 12ರ ಬಡ್ಡಿಯಲ್ಲಿ ₹25,000ಕ್ಕೆ ತಿಂಗಳ ಕಂತು ಸುಮಾರು ₹1,525, ₹50,000ಕ್ಕೆ ಸುಮಾರು ₹1,661. ಸಾಲ ಮೂರು ಪಟ್ಟಿಗಿಂತ ಹೆಚ್ಚಾದರೂ ಕಂತು ಏರಿದ್ದು ಮುನ್ನೂರ ಮೂವತ್ತು ರೂಪಾಯಿಯಷ್ಟೇ. ಆದರೆ ಮೂರು ವರ್ಷ ಬಿಡದೆ ಕಟ್ಟಬೇಕು, ಆದ್ದರಿಂದ ಹೊಸ ಗಾಡಿ, ತೂಕದ ಯಂತ್ರ, ಎರಡನೆಯ ಬಗೆಯ ಮಾಲು ಇಂಥ ಗಳಿಕೆ ತರುವ ಖರ್ಚು ಕಣ್ಣ ಮುಂದೆ ಇದ್ದಾಗ ಮಾತ್ರ ಪೂರ್ತಿ ಮೊತ್ತ ಕೇಳಿ. ಕಡಿಮೆ ಸಾಕೆಂದರೆ ಕಡಿಮೆಯನ್ನೇ ಕೇಳಬಹುದು.

ಎರಡನೆಯ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ಯುಪಿಐಗೆ ಜೋಡಿಸಬಹುದಾದ ರುಪೇ ಕ್ರೆಡಿಟ್ ಕಾರ್ಡ್ ಕೊಡುವ ಅವಕಾಶವನ್ನೂ 2025ರಲ್ಲಿ ಸೇರಿಸಲಾಗಿದೆ. ತುರ್ತಿಗೆ ಮಾಲು ತರಲು ಅದು ಉಪಯುಕ್ತ. ಕಾರ್ಡ್ ಕೈಗೆ ಬಂದ ದಿನವೇ ಬಿಲ್ಲಿನ ತಾರೀಕು ಯಾವುದು, ಹಣ ಕಟ್ಟಲು ಕೊನೆಯ ದಿನ ಯಾವುದು ಎಂದು ಕೇಳಿ ಬರೆದುಕೊಳ್ಳಿ, ಮತ್ತು ಆ ದಿನದೊಳಗೆ ‘ಕನಿಷ್ಠ ಮೊತ್ತ’ ಎಂದು ತೋರಿಸುವುದನ್ನಲ್ಲ, ಪೂರ್ತಿ ಬಾಕಿಯನ್ನೇ ಕಟ್ಟಿ.